ಹೊಳೆ ಕಡೆಯ ಗೋಡೆ

ಬರೆಯುವ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಎನಾಮಲ್ ಪಾತ್ರೆಗಳ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ಆಯುಸ್ಸು ಕಳೆದವಳು. ಓದಿದ್ದೆಲ್ಲ ಸಂಜೆ ಶಾಲೆಯಲ್ಲಿ, ಪಾಳಿ ಮುಗಿಸಿ ಬಂದು, ಅರ್ಧ ಪಾಠಕ್ಕೆ ತೂಕಡಿಸುತ್ತ. ಚರಿತ್ರೆ ಬರೆಯುವವರಿಗೆ ಇರಬೇಕಾದ ತಲೆ ನನಗಿಲ್ಲ, ಕಥೆ ಹೇಳುವವರಿಗೆ ಇರಬೇಕಾದ ಧೈರ್ಯವೂ ಇಲ್ಲ. ಆದರೂ ನಮ್ಮ ಪಕ್ಷದ ಯಾಸೆನಿತ್ಸಾ ಶಾಖೆಯ ಚರಿತ್ರೆಯನ್ನು ಬರೆದುಕೊಡು ಎಂದು ಕಾರ್ಯದರ್ಶಿ ಮೆತೋದಿ ನನಗೇ ಒಪ್ಪಿಸಿದರು, ಏಕೆಂದರೆ ಉಳಿದವರಲ್ಲಿ ಕಣ್ಣು ನೆಟ್ಟಗೆ ಕಾಣುತ್ತಿದ್ದದ್ದು ನನಗೊಬ್ಬಳಿಗೆ. ಬರೆದುಕೊಟ್ಟೆ. ಪುಸ್ತಿಕೆಯಾಗಿ ಅಚ್ಚೂ ಆಯಿತು. ಅದರಲ್ಲಿ ಸೇರಿಸಲಾಗದೆ ಬಿಟ್ಟದ್ದು ಇದು. ಪುಸ್ತಿಕೆಯಲ್ಲಿ ಸುಳ್ಳಿಲ್ಲ, ಆದರೆ ಇಷ್ಟನ್ನು ಬಿಟ್ಟು ಅದನ್ನು ಚರಿತ್ರೆ ಎಂದು ಕರೆಯಬಹುದೇ ಎಂದು ನನಗೆ ಅನುಮಾನ.

ಕಾಲ ಬದಲಾದ ಮರುವರ್ಷ ನಮ್ಮ ಬಲ್ಗೇರಿಯಾದಲ್ಲಿ ದೊಡ್ಡ ಪಕ್ಷ ತನ್ನ ಹೆಸರಿನಿಂದ ಕಮ್ಯುನಿಸ್ಟ್ ಎಂಬ ಪದವನ್ನು ತೆಗೆದುಹಾಕಿತು. ಬಾಗಿಲ ಮೇಲಿನ ಫಲಕ ಬದಲಿಸಿದಷ್ಟು ಸಲೀಸಾಗಿ ಆ ಕೆಲಸ ಮುಗಿಯಿತು. ನಮ್ಮೂರಿನಲ್ಲಿ ಕೆಲವರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ನಾವು ಎದ್ದು ಹೊರಬಂದು, ಹಳೆಯ ಹೆಸರನ್ನೇ ಇಟ್ಟುಕೊಂಡ ಒಂದು ಪುಟ್ಟ ಪಕ್ಷವನ್ನು ಸೇರಿದೆವು. ಸೋಫಿಯಾದಲ್ಲಿ ಅದಕ್ಕೆ ಎರಡು ಕೋಣೆಯ ಕಚೇರಿ ಇತ್ತು. ಕೆಲವು ವರ್ಷದಲ್ಲಿ ಪಕ್ಷವೇ ಎರಡಾಗಿ ಒಬ್ಬೊಬ್ಬರು ಒಂದೊಂದು ಕೋಣೆ ಹಂಚಿಕೊಂಡರು. ನಾವು ಕಿಟಕಿ ಇದ್ದ ಕೋಣೆಯವರ ಕಡೆ ಉಳಿದೆವು. ಪ್ರತಿ ಚುನಾವಣೆಗೂ ನಿಂತೆವು, ಪುರಸಭೆಯ ಒಂದು ಕುರ್ಚಿಯೂ ಸಿಗಲಿಲ್ಲ. ಒಂದು ಸಲವಂತೂ ಊರಿನಲ್ಲಿ ನಮ್ಮ ಸದಸ್ಯರಿಗಿಂತ ಕಡಿಮೆ ಮತ ಬಂತು. ಯಾರು ಯಾರ ಮುಖ ನೋಡಬೇಕೆಂದು ತಿಳಿಯದೆ ಆವತ್ತಿನ ಸಭೆ ಬೇಗ ಮುಗಿಯಿತು.

ಸೋಫಿಯಾದವರ ನಿಯಮ ಒಂದಿತ್ತು: ಸ್ವಂತ ಕೊಠಡಿ ಇಲ್ಲದ ಶಾಖೆಯನ್ನು ಶಾಖೆ ಎಂದು ಒಪ್ಪುತ್ತಿರಲಿಲ್ಲ. ಊರ ನಡುವಿನ ಪಕ್ಷದ ಭವನ ಅಷ್ಟರಲ್ಲಿ ಜೂಜಿನ ಯಂತ್ರಗಳವನ ಪಾಲಾಗಿತ್ತು. ಆಗ ದೋನಾ ಹೊಳೆಯ ಪಕ್ಕದ ತನ್ನ ಮೆಣಸಿನಕಾಯಿ ಪಾತಿಯ ನೆಲವನ್ನು ಬಿಟ್ಟುಕೊಟ್ಟಳು. ದೋನಾಳಿಗೆ ಆಗಲೇ ಕಿವಿ ಮಂದ. ನೆಲ ಕೇಳಿದ್ದು ಬಾಡಿಗೆಗೋ ದಾನಕ್ಕೋ ಅವಳಿಗೆ ಸರಿಯಾಗಿ ಕೇಳಿಸಿತ್ತೋ ಇಲ್ಲವೋ ಎಂದು ಬಸ್ ಚಾಲಕ ಸ್ಪಾಸ್ ಇವತ್ತಿಗೂ ತಮಾಷೆ ಮಾಡುತ್ತಾನೆ. ಕೊಠಡಿಯನ್ನು ನಾವೇ ಕಟ್ಟಲು ಹೊರಟೆವು. ಗಾರೆ ಮೇಸ್ತ್ರಿ ಸ್ತಾಮೆನ್ ನಮ್ಮ ಸದಸ್ಯನೇ. ನಾನು ನೀರು ಹೊರುತ್ತಿದ್ದೆ, ಸ್ಪಾಸ್ ಮರಳು ತರುತ್ತಿದ್ದ. ಮೆತೋದಿ ಶಾಲೆಯಲ್ಲಿ ಸಮಾಜವಿಜ್ಞಾನ ಕಲಿಸಿದವರು, ಅವರು ಇಟ್ಟಿಗೆ ಎತ್ತಿಕೊಡುತ್ತ ಇಟ್ಟಿಗೆಯ ಬಗ್ಗೆ ಮಾತಾಡುತ್ತಿದ್ದರು.

ಮೂರು ಗೋಡೆ ಎದ್ದವು. ಹೊಳೆ ಕಡೆಯದು ನಿಲ್ಲಲಿಲ್ಲ. ಸೊಂಟದ ಮಟ್ಟಕ್ಕೆ ಬರುತ್ತಲೇ ಬಿರುಕು ಬಿಟ್ಟು ಒಂದು ಕಡೆಗೆ ವಾಲಿ ಕೂತುಬಿಡುತ್ತಿತ್ತು. ಪಾಯವನ್ನು ಇನ್ನಷ್ಟು ಆಳಕ್ಕೆ ತೋಡಿದೆವು, ಸಿಮೆಂಟು ಹೆಚ್ಚಿಸಿದೆವು. ಮತ್ತೆ ಅದೇ ಪಾಡು. ಕೊನೆಗೊಂದು ದಿನ ಸ್ತಾಮೆನ್ ಕರಣೆಯನ್ನು ಬಕೆಟ್ಟಿಗೆ ಎಸೆದು, ಟೋಪಿ ತೆಗೆದು ಹಣೆ ಒರೆಸಿಕೊಂಡ.

"ಗೋಡೆ ನೆರಳು ಕೇಳ್ತಿದೆ, ಮೇಷ್ಟ್ರೇ," ಎಂದ.

ಆ ಮಾತು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಮೇಸ್ತ್ರಿಗಳು ನಿಲ್ಲದ ಗೋಡೆಗೆ ಮನುಷ್ಯನ ನೆರಳನ್ನು ಕೊಡುತ್ತಿದ್ದರು. ನೆರಳನ್ನು ದಾರದಿಂದ ಅಳೆದು, ಆ ದಾರವನ್ನು ಮೂಲೆಗಲ್ಲಿನ ಕೆಳಗಿಟ್ಟು ಮೇಲೆ ಗಾರೆ ಹಾಕುವುದು. ಗೋಡೆ ನಿಲ್ಲುತ್ತದೆ. ನೆರಳಿನವರು ನಲವತ್ತು ದಿನ ದಾಟುವುದಿಲ್ಲ. ಹಾಗೆ ಸತ್ತವರು ಆಮೇಲೆ ಆ ಕಟ್ಟಡಕ್ಕೇ ಕಾವಲು ಬೀಳುತ್ತಾರೆ.

"ನಾವು ಭೌತವಾದಿಗಳು, ಸ್ತಾಮೆನ್," ಎಂದರು ಮೆತೋದಿ.

"ಹಾಗಾದ್ರೆ ನಿಮಗೇನು ನಷ್ಟ? ಬನ್ನಿ, ಇಲ್ಲಿ ಬಿಸಿಲಲ್ಲಿ ಸ್ವಲ್ಪ ನಿಂತ್ಕೊಳ್ಳಿ."

ಮೆತೋದಿ ಬಿಸಿಲಿಗೆ ಬರಲಿಲ್ಲ. ಅವರೊಬ್ಬರೇ ಅಲ್ಲ, ನಾವೆಲ್ಲರೂ ಒಂದೊಂದು ಕೆಲಸ ನೆನಪಾದವರ ಹಾಗೆ ಸುಣ್ಣದ ಚೀಲಗಳ ಪಕ್ಕಕ್ಕೆ, ವಾಲ್‌ನಟ್ ಮರದ ಅಡಿಗೆ ಸರಿದೆವು. ಬಯಲಿನಲ್ಲಿ ಸ್ತಾಮೆನ್ ಒಬ್ಬನೇ ನಿಂತು ನಗುತ್ತಿದ್ದ. ಆಗ ಮೆತೋದಿಗೆ ಉಪಾಯ ಹೊಳೆಯಿತು. ನಮ್ಮ ನೆಲದ ಪಕ್ಕದಲ್ಲೇ ಪುರಸಭೆಯ ಸಾಮಾನಿನ ಅಂಗಳ. ಪಕ್ಷದ ಭವನದ ಮುಂದಿನಿಂದ ಕಿತ್ತು ತಂದ ಕಲ್ಲಿನ ವಿಗ್ರಹವನ್ನು ಅಲ್ಲಿ ಬೇಲಿಗೆ ಒರಗಿಸಿ ನಿಲ್ಲಿಸಿದ್ದರು. ಕಾಡಿನಲ್ಲಿ ಹೋರಾಡಿದ ಹುಡುಗಿ, ಬಲಗೈ ಮೇಲೆತ್ತಿ ನಿಂತವಳು. ಮಧ್ಯಾಹ್ನ ವಾಲಿದ ಮೇಲೆ ಅವಳ ನೆರಳು ಬೇಲಿ ದಾಟಿ ನಮ್ಮ ಪಾಯದ ತನಕ ಬಂದು ಬೀಳುತ್ತಿತ್ತು.

"ಅದನ್ನು ಅಳೆದುಕೋ," ಎಂದರು ಮೆತೋದಿ. ಕಲ್ಲು ಬದುಕಿಲ್ಲ, ಆದ್ದರಿಂದ ಸಾಯುವುದಿಲ್ಲ. ಮೇಸ್ತ್ರಿಯ ಶಾಸ್ತ್ರವೂ ನಡೆಯುತ್ತದೆ, ಯಾರಿಗೂ ಹಾನಿಯೂ ಇಲ್ಲ ಎಂಬುದು ಅವರ ವಾದ. ಎಲ್ಲರಿಗೂ ಎದೆಯ ಮೇಲಿನ ಭಾರ ಇಳಿದಂತಾಯಿತು.

"ಪಾಪ, ಆಗಲೇ ಮೀಟಿಂಗಿಗೆ ಬಂದುಬಿಟ್ಟಿದಾಳೆ," ಎಂದ ಸ್ಪಾಸ್. "ಕೈನೂ ಎತ್ತಿದಾಳೆ. ಇನ್ನೇನು ಬೇಕು?"

ಸ್ತಾಮೆನ್ ಕೆಂಪು ಉಣ್ಣೆಯ ದಾರದಿಂದ ಆ ನೆರಳನ್ನು ಕಾಲಿನಿಂದ ಬೆರಳ ತುದಿಯವರೆಗೆ ಅಳೆದ. ದಾರವನ್ನು ಮೆಣಸಿನಕಾಯಿ ತುಂಬಿಡುವ ಗಾಜಿನ ಭರಣಿಗೆ ಹಾಕಿ ಮುಚ್ಚಳ ಬಿಗಿದ. ಅದನ್ನು ಮೂಲೆಗಲ್ಲಿನ ಕೆಳಗೆ ಇಡುವುದನ್ನು ನಾವು ಕಾದು ನೋಡಲಿಲ್ಲ, ಹಣ್ಣಿನ ಸಾರಾಯಿ ರಾಕಿಯಾ ಕುಡಿಯಲು ಮರದಡಿಗೆ ಹೋದೆವು. ಗೋಡೆ ನಿಂತಿತು. ನಲವತ್ತು ದಿನ ಕಳೆದವು, ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ. ಸೋಫಿಯಾದವರು ಬಂದು ನಮ್ಮನ್ನು ಶಾಖೆ ಎಂದು ಒಪ್ಪಿಕೊಂಡು, ದೋನಾ ಚೀಸ್ ತುಂಬಿ ಮಾಡಿದ ಬಾನಿತ್ಸಾ ತಿಂದು ಹೋದರು.

ಆಮೇಲಿನದು ಪುಸ್ತಿಕೆಯಲ್ಲಿದೆ. ಮೇ ಒಂದರ ಮೆರವಣಿಗೆ, ಹೂಮಾಲೆ, ಬೇರೆ ಕೋಣೆಯವರ ಜೊತೆ ಮತ್ತೆ ಒಂದಾಗುವ ಮಾತುಕತೆ, ಅದು ಮುರಿದದ್ದು. ವರ್ಷಗಳು ಹೋದಂತೆ ನಮ್ಮವರು ಒಬ್ಬೊಬ್ಬರಾಗಿ ಸತ್ತರು. ಸ್ತಾಮೆನ್ ಕೂಡ ಶ್ವಾಸಕೋಶ ಕೆಟ್ಟು ತೀರಿಕೊಂಡ. ಕೊನೆಗೆ ಉಳಿದವರು ನಾಲ್ವರು: ಮೆತೋದಿ, ಸ್ಪಾಸ್, ದೋನಾ, ನಾನು.

ಒಂದು ಸಣ್ಣ ವಿಷಯ ಪುಸ್ತಿಕೆಯಲ್ಲಿಲ್ಲ. ಮೆತೋದಿಗೆ ಕಣ್ಣಿನ ಪೊರೆ ಬಂದ ಮೇಲೆ ಅವರು ಕೈಗಳನ್ನು ಎಣಿಸುವುದು ಬಿಟ್ಟು ನೆರಳುಗಳನ್ನು ಎಣಿಸುತ್ತಿದ್ದರು. ಸಂಜೆಯ ಬಿಸಿಲು ಅವರ ಬೆನ್ನ ಹಿಂದಿನ ಕಿಟಕಿಯಿಂದ ಬಂದು ನಮ್ಮ ನೆರಳುಗಳನ್ನು ನಮ್ಮ ಹಿಂದಿನ ಬಿಳಿ ಗೋಡೆಯ ಮೇಲೆ, ಅಂದರೆ ಹೊಳೆ ಕಡೆಯ ಗೋಡೆಯ ಮೇಲೆ, ದೊಡ್ಡದಾಗಿ ಹಾಕುತ್ತಿತ್ತು. ಎಣಿಕೆಯಲ್ಲಿ ಯಾವಾಗಲೂ ಒಂದು ಹೆಚ್ಚು ಬರುತ್ತಿತ್ತು. ಕಣ್ಣಿನ ದೋಷ ಎಂದು ನಗುತ್ತಿದ್ದೆವು. ನಾವು ಅವರ ಕಡೆ ಮುಖ ಮಾಡಿ ಕೂರುವವರು, ಹಿಂದೆ ತಿರುಗಿ ನೋಡಿದವರಿಲ್ಲ.

ಚರಿತ್ರೆ ಬರೆಯುವಾಗ ವಿಗ್ರಹದ ಬಗ್ಗೆ ಒಂದು ಪುಟ ಇರಲಿ ಎಂದು ಮೆತೋದಿ ಹೇಳಿದ್ದರು. ಅದಕ್ಕಾಗಿ ನಾನು ವೇಲಿಕಾಳ ಮನೆಗೆ ಹೋದೆ. ಆ ಕಲ್ಲಿನ ಹುಡುಗಿ ವೇಲಿಕಾಳ ಅಚ್ಚು ಎಂದು ಊರಿನ ಹಳಬರಿಗೆಲ್ಲ ಗೊತ್ತು. ಅವಳು ತಂಬಾಕು ಎಲೆ ಪೋಣಿಸುವ ಕೊಟ್ಟಿಗೆಯಲ್ಲಿ ಕೂಲಿ ಮಾಡುತ್ತಿದ್ದಾಗ ರಾಜಧಾನಿಯಿಂದ ಬಂದ ಶಿಲ್ಪಿ ಕಂಡು, ಇವಳೇ ಆಗಬೇಕು ಎಂದನಂತೆ. ಅವಳು ಕಾಡಿಗೂ ಹೋದವಳಲ್ಲ, ಯಾವ ಪಕ್ಷಕ್ಕೂ ಸೇರಿದವಳಲ್ಲ. ನಾನು ಹೋದಾಗ ಅವಳಿಗೆ ತೊಂಬತ್ತು ದಾಟಿತ್ತು.

ಬಾಗಿಲು ತೆಗೆದದ್ದು ಮಗಳು ರೂಸ್ಕಾ. ಅವಳೂ ಮುದುಕಿಯೇ. ಮನೆಯ ಎಲ್ಲ ಬೀಗಗಳು ತೆರೆದಿದ್ದವು, ಪೆಟ್ಟಿಗೆಗಳ ಮುಚ್ಚಳ ಎತ್ತಿಟ್ಟಿತ್ತು, ಪರದೆಯ ದಾರದ ಗಂಟನ್ನೂ ಬಿಚ್ಚಿತ್ತು. ಹಾಗೆ ಮಾಡುವುದು ಯಾಕೆಂದು ನನಗೆ ಗೊತ್ತಿತ್ತು, ಜೀವ ಹೋಗಲಾರದೆ ಒದ್ದಾಡುವವರ ಮನೆಯಲ್ಲಿ ಹಾಗೆ ಮಾಡುತ್ತಾರೆ. ನಾನು ಕೇಳುವ ಮೊದಲೇ ರೂಸ್ಕಾ ಹೇಳಿದಳು. ಕಳೆದ ಚಳಿಗಾಲದಿಂದ ಹೀಗೇ ಇದೆ, ಗಂಟಲಲ್ಲಿ ನೀರೂ ಸರಿಯಾಗಿ ಇಳಿಯುವುದಿಲ್ಲ, ಬೆನ್ನೆಲ್ಲ ಹುಣ್ಣು, ಡಾಕ್ಟರು ಇವತ್ತು ನಾಳೆ ಎಂದು ಎಷ್ಟು ಸಲ ಹೇಳಿದರೋ. ಪಾದ್ರಿ ಬಂದು ಹೋಗಿದ್ದಾರೆ. ನೆರೆಹೊರೆಯವರೆಲ್ಲ ಬಂದು ಕ್ಷಮೆ ಕೇಳಿ, ಕ್ಷಮೆ ಕೊಟ್ಟು ಹೋಗಿದ್ದಾರೆ. "ಜೀವ ಹೋಗೋಕೆ ದಾರಿ ಸಿಕ್ತಿಲ್ಲ ಅಕ್ಕ," ಎಂದಳು. "ನೋಡ್ಕೊಂಡು ಕೂರೋದಷ್ಟೇ ನನ್ನ ಕೆಲಸ."

ವೇಲಿಕಾ ಹಾಸಿಗೆಯಲ್ಲಿ ಒಂದು ಹಿಡಿಯಷ್ಟಾಗಿ ಮಲಗಿದ್ದಳು. ಎರಡು ಕೈಯೂ ರಜಾಯಿಯ ಒಳಗಿದ್ದವು. ಪಕ್ಕದ ಗೋಡೆಗೆ ದೊಡ್ಡದೊಂದು ಜಮಖಾನೆ ತೂಗುಹಾಕಿತ್ತು, ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಗಾಢ ಬಣ್ಣದ ನೇಯ್ಗೆ, ಅದರ ಮೇಲೆ ನೆರಳು ಗುರುತು ಹತ್ತುವಂತಿರಲಿಲ್ಲ. ನಾನು ವಿಗ್ರಹದ ಮಾತು ಎತ್ತಿದೆ. 

"ನನ್ನ ದಾರ ನಿಮ್ಮ ಗೋಡೇಲಿದೆ," ಎಂದಳು. "ತೆಗೆಸಿಕೊಡು ಮಗಳೇ."

ದಾರದ ವಿಷಯ ನಾವು ಹೊರಗೆ ಯಾರಿಗೂ ಹೇಳಿದವರಲ್ಲ, ನಾಚಿಕೆಗಾದರೂ ಹೇಳುವಂತಿರಲಿಲ್ಲ. ಅದು ನಿನ್ನದಲ್ಲಜ್ಜಿ, ಕಲ್ಲಿನ ನೆರಳು ಎಂದೆ.

"ಕಲ್ಲಿಗೆಲ್ಲಿದೆ ನೆರಳು? ಒಂದು ಬೇಸಿಗೆ ಪೂರ್ತಿ ಕೈ ಎತ್ತಿಸಿ ಬಿಸಿಲಲ್ಲಿ ನಿಲ್ಲಿಸಿದ್ದು ನನ್ನನ್ನ. ಆ ಶಿಲ್ಪಿನೂ ನನ್ನ ಕೇಳಲಿಲ್ಲ. ನೀವೂ ಕೇಳಲಿಲ್ಲ."

ರೂಸ್ಕಾ ಎದ್ದು ಹೋಗಿ ಜಮಖಾನೆಯ ಒಂದು ಮೂಲೆಯನ್ನು ಎತ್ತಿ ಹಿಡಿದಳು. ಹಿಂದೆ ಸುಣ್ಣದ ಗೋಡೆ. ಅದರ ಮೇಲೆ ಮಂಚದ ನೆರಳು, ರಜಾಯಿಯ ಉಬ್ಬಿನ ನೆರಳು. ಆ ಉಬ್ಬಿನಿಂದ ಒಂದು ತೋಳು ನೆಟ್ಟಗೆ ಮೇಲಕ್ಕೆ ಎದ್ದಿತ್ತು, ಬೆರಳುಗಳು ಬಿಡಿಬಿಡಿಯಾಗಿ ಕಾಣುವಷ್ಟು ಸ್ಪಷ್ಟವಾಗಿ. ನಾನು ಹಾಸಿಗೆಯ ಕಡೆ ತಿರುಗಿದೆ. ಕೈಗಳು ರಜಾಯಿಯ ಒಳಗೇ ಇದ್ದವು. ಮತ್ತೆ ಗೋಡೆಯನ್ನು ನೋಡಿದೆ.

"ಅದಕ್ಕೇ ಮುಚ್ಚಿದೀನಿ," ಎಂದಳು ರೂಸ್ಕಾ. "ಎಷ್ಟು ವರ್ಷವಾದ್ರೂ ಅಭ್ಯಾಸ ಆಗಲ್ಲ."

ಮನೆಗೆ ಹೋಗುವ ದಾರಿಯಲ್ಲಿ ನಾನು ಸಾಮಾನಿನ ಅಂಗಳದ ಬೇಲಿಯ ಬಳಿ ನಿಂತೆ. ಹಿಮ ಕರಗುವ ಕಾಲ. ಕಂಬಗಳ, ಮುರಿದ ಬೆಂಚುಗಳ ಹಿಂದೆ, ಬಿಸಿಲು ತಾಗದ ಕಡೆಯಲ್ಲೆಲ್ಲ ಹಿಮದ ಉದ್ದುದ್ದ ಪಟ್ಟಿ ಇನ್ನೂ ಉಳಿದಿತ್ತು. ವಿಗ್ರಹದ ಹಿಂದೆ ಇರಲಿಲ್ಲ. ಅದರ ಸುತ್ತ ನಾಲ್ಕೂ ಕಡೆ ನೆಲ ಒಂದೇ ಸಮ ಒಣಗಿತ್ತು, ಬಿಸಿಲು ಅದರ ಒಳಗಿಂದ ಹಾದುಹೋದ ಹಾಗೆ. ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ನನ್ನ ಕಣ್ಣಿನ ಬಗ್ಗೆ ಮೊದಲೇ ಹೇಳಿದ್ದೇನೆ, ಅದು ಸರಿಯಿದೆ. ಆದರೂ ಹೆದರಿದ ಕಣ್ಣು ಏನೇನೋ ಕಾಣುತ್ತದೆ ಎಂದು ಸಂಜೆ ಶಾಲೆಯಲ್ಲೇ ಕಲಿಸಿದ್ದರು.

ಶನಿವಾರದ ಸಭೆಯಲ್ಲಿ ವಿಷಯ ಇಟ್ಟೆ. ಹೇಗೆ ಇಡಬೇಕೆಂದು ವಾರವೆಲ್ಲ ಯೋಚಿಸಿದ್ದೆ. ಮೂಢನಂಬಿಕೆಯ ಮಾತು ಬಾರದ ಹಾಗೆ, ಹೊಳೆ ಕಡೆಯ ಗೋಡೆಯ ಮೂಲೆಗಲ್ಲನ್ನು ಪರೀಕ್ಷೆಗಾಗಿ ಬಿಚ್ಚಬೇಕು ಎಂಬ ಠರಾವು ಮಾಡಿಕೊಂಡಿದ್ದೆ. ಮೆತೋದಿಗೆ ತಕ್ಷಣ ಅರ್ಥವಾಯಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮೆಲ್ಲಗೆ ಮಾತಾಡಿದರು. ಗೋಡೆ ಬಿದ್ದರೆ ಪುರಸಭೆಯವರು ಇಡೀ ಕಟ್ಟಡವನ್ನೇ ಅಪಾಯಕಾರಿ ಎಂದು ಕೆಡವುತ್ತಾರೆ. ಕೊಠಡಿ ಹೋದರೆ ಶಾಖೆ ಹೋಯಿತು. ಸತ್ತುಹೋದ ನಮ್ಮವರೆಲ್ಲ ಯಾವುದಕ್ಕಾಗಿ ಬಾಳಿದರೋ ಅದು ಈ ಊರಿನಲ್ಲಿ ಇನ್ನಿಲ್ಲ ಎಂದಾಗುತ್ತದೆ. ಅದೂ ಯಾತಕ್ಕೆ, ಒಂದು ದಾರಕ್ಕೆ.

"ದಾರಕ್ಕಲ್ಲ ಮೇಷ್ಟ್ರೇ, ಒಬ್ಬಳು ಮುದುಕಿಗೆ," ಎಂದ ಸ್ಪಾಸ್. ತಮಾಷೆ ಮಾಡಲಿಲ್ಲ.

ದೋನಾಳಿಗೆ ಎಲ್ಲವನ್ನೂ ಕಿವಿಯ ಹತ್ತಿರ ಜೋರಾಗಿ ಹೇಳಬೇಕಾಯಿತು. ತನ್ನ ನೆಲದ ಮೇಲಿನ ಗೋಡೆ ಬೀಳಬಾರದು ಎಂದು ಅವಳು ಹೇಳಿಬಿಟ್ಟಳು. ಮತಕ್ಕೆ ಹಾಕಲೇಬೇಕಾಯಿತು. ಮೆತೋದಿ ಎದ್ದು ನಿಂತು, ವಾಡಿಕೆಯಂತೆ, ಪರವಾಗಿರುವವರು ಕೈ ಎತ್ತಿ ಎಂದರು. ಸ್ಪಾಸ್ ಎತ್ತಿದ, ನಾನೂ ಎತ್ತಿದೆ. ಅವರು ನಮ್ಮ ತಲೆಯ ಮೇಲಿನಿಂದ ಗೋಡೆಯನ್ನು ನೋಡಿ ಎಣಿಸಿ, ಮೂರು ಎಂದರು. ಕೈ ಇಳಿಸಿ ಎಂದು ಹೇಳಿ, ವಿರುದ್ಧ ಇರುವವರು ಎಂದರು. ದೋನಾ ಎತ್ತಿದಳು, ಅವರೂ ಎತ್ತಿದರು. ಮತ್ತೆ ಗೋಡೆ ನೋಡಿದರು.

"ಮೂರು," ಎಂದರು.

ಆವತ್ತು ನಾನು ಹಿಂದೆ ತಿರುಗಿ ನೋಡಿದೆ. ಬಿಳಿ ಗೋಡೆಯ ಮೇಲೆ ನಮ್ಮ ನಾಲ್ವರ ನೆರಳಿತ್ತು. ದೋನಾಳ ಮತ್ತು ಮೆತೋದಿಯ ಕೈ ಮೇಲೆ ಇತ್ತು. ಮೂಲೆಯ ಹತ್ತಿರ, ಯಾರೂ ಕೂರದ ಕಡೆ, ಐದನೆಯದೊಂದು ಇತ್ತು, ನಮ್ಮದಕ್ಕಿಂತ ತೆಳುವಾಗಿ. ಅದರ ಕೈಯೂ ಮೇಲೆ ಇತ್ತು. ಮೆತೋದಿ ತಮ್ಮ ಕೈ ಇಳಿಸಿದರು. ದೋನಾ ಇಳಿಸಿದಳು. ಅದು ಇಳಿಯಲಿಲ್ಲ.

ಆಮೇಲೆ ಮೆತೋದಿ, ಎರಡೂ ಕಡೆಗೆ ಸಮ ಬಂದಿರುವುದರಿಂದ ಠರಾವು ಬಿದ್ದುಹೋಯಿತು ಎಂದು ಹೇಳಿ ಕುರ್ಚಿಯ ತೋಳು ಹಿಡಿದು ಕೂತರು. ಮತ ಎರಡೂ ಕಡೆ ಬಿದ್ದರೆ ಅದು ಅಸಿಂಧು ಎಂದು ಸ್ಪಾಸ್ ವಾದ ಹೂಡಿದ. ಅಸಿಂಧು ಎನ್ನಬೇಕಾದರೆ ಮತ ಹಾಕಿದವರು ಯಾರು ಎಂದು ಮೊದಲು ಹೇಳಬೇಕಾಗುತ್ತದೆ ಎಂದರು ಮೆತೋದಿ. ಅದನ್ನು ಹೇಳಲು ನಮ್ಮಲ್ಲಿ ಯಾರೂ ಸಿದ್ಧರಿರಲಿಲ್ಲ.

ಮರುದಿನ ಬೆಳಗ್ಗೆ ಮೆತೋದಿ ನನ್ನ ಬಾಗಿಲು ತಟ್ಟಿದರು. ಸಭೆಗೆ ಹಾಕುವ ಕೋಟನ್ನೇ ಹಾಕಿದ್ದರು. ಅವರ ಬಾಯಿಂದ ವೇಲಿಕಾಳ ಹೆಸರು ಬರಲಿಲ್ಲ, ರೂಸ್ಕಾಳ ಮನೆಗೆ ದಾರಿ ತೋರಿಸು ಎಂದರು ಅಷ್ಟೆ, ಹುಟ್ಟಿದಾಗಿನಿಂದ ಅದೇ ಬೀದಿಯಲ್ಲಿ ಓಡಾಡಿದವರು.

ರೂಸ್ಕಾ ನಮ್ಮನ್ನು ಒಳಗೆ ಬಿಟ್ಟಳು, ಜಮಖಾನೆಯನ್ನು ಮಾತ್ರ ಎತ್ತಲಿಲ್ಲ. ಮೆತೋದಿಯೇ ಹೋಗಿ ಎತ್ತಿದರು. ಅವರ ಕಣ್ಣಿಗೆ ಮನುಷ್ಯರಿಗಿಂತ ನೆರಳೇ ಚೆನ್ನಾಗಿ ಕಾಣುತ್ತಿತ್ತಲ್ಲ. ಎಷ್ಟೋ ವರ್ಷದಿಂದ ಪ್ರತಿ ಸಭೆಯಲ್ಲೂ ತಾವು ಎಣಿಸಿದ ಕೈಯ ಗುರುತು ಅವರಿಗೆ ಸಿಕ್ಕಿರಬೇಕು. ಜಮಖಾನೆಯ ತುದಿ ಹಿಡಿದುಕೊಂಡೇ ನಿಂತುಬಿಟ್ಟರು.

ಹಾಸಿಗೆಯಿಂದ ವೇಲಿಕಾ ಕರೆದಳು.

"ಮೇಷ್ಟ್ರೇ, ತೋಳು ನೋಯ್ತಿದೆ. ಇಳಿಸ್ಲಾ?"

ಮೆತೋದಿ ನೆಟ್ಟಗಾದರು. ಒಂದು ಜೀವಮಾನವೆಲ್ಲ ಸಭೆ ನಡೆಸಿದವರ ಬಾಯಿಂದ ಆ ಮಾತು ತಾನಾಗಿಯೇ ಬಂತು.

"ಇಳಿಸಿ ಕಾಮ್ರೇಡ್."

ಮೂವರೂ ಗೋಡೆಯನ್ನು ನೋಡುತ್ತ ನಿಂತೆವು. ಕೈ ಹಾಗೆಯೇ ಇತ್ತು. ಬೆರಳುಗಳು ಮಾತ್ರ ಸ್ವಲ್ಪ ನಡುಗುತ್ತಿದ್ದವು, ತುಂಬ ಹೊತ್ತು ಎತ್ತಿ ಹಿಡಿದ ಕೈ ನಡುಗುವ ಹಾಗೆ. ವೇಲಿಕಾಳ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯಿತು. ಮೆತೋದಿ ಜಮಖಾನೆಯನ್ನು ನಿಧಾನವಾಗಿ ಕೆಳಗೆ ಬಿಟ್ಟು ಹೊರಗೆ ಬಂದರು. ಬಾಗಿಲ ಮೆಟ್ಟಿಲಲ್ಲಿ ನಿಂತು, ಸ್ಪಾಸ್‌ನ ಹತ್ತಿರ ಉಳಿ ಇದೆಯೇ ಎಂದು ಕೇಳಿದರು. ಠರಾವು ಬಿದ್ದುಹೋಗಿದೆಯಲ್ಲ ಎಂದು ನಾನು, ಹೇಳಬಾರದಿತ್ತೇನೋ, ಹೇಳಿಬಿಟ್ಟೆ. ಇದು ಶಾಖೆಯ ಕೆಲಸವಲ್ಲ, ನಾನೊಬ್ಬ ಮಾಡುವುದು ಎಂದರು ಅವರು. ಅವರ ಬಾಯಲ್ಲಿ ನಾನೊಬ್ಬ ಎಂಬ ಮಾತನ್ನು ಅದಕ್ಕೆ ಮೊದಲು ಕೇಳಿದ ನೆನಪು ನನಗಿಲ್ಲ.

ಆದರೂ ನಾವೆಲ್ಲ ಹೋದೆವು. ದೋನಾ ಕೂಡ ಬಂದು, ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡು ದೂರ ನಿಂತಳು. ರೂಸ್ಕಾ ಪಕ್ಕದ ಮನೆಯವಳನ್ನು ತಾಯಿಯ ಹತ್ತಿರ ಕೂರಿಸಿ ಬಂದಿದ್ದಳು. ಗೋಡೆ ಬಿದ್ದರೆ ಹೊರಗಿನ ಕಡೆಗೆ ಬೀಳಲಿ ಎಂದು ಸ್ಪಾಸ್ ಎರಡು ತೊಲೆಗಳನ್ನು ಒಳಗಿಂದ ಆನಿಸಿದ. ಹಳೆಯ ಗಾರೆ ಕಲ್ಲಾಗಿತ್ತು. ಮೂಲೆಗಲ್ಲು ಅಲುಗಾಡುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಕಲ್ಲನ್ನು ಹೊರಕ್ಕೆ ಎಳೆದಾಗ ಸಂದಿನಿಂದ ತಣ್ಣನೆಯ ಗಾಳಿ ಬಂತು, ಬಾವಿಯ ಬಾಯಿಯಿಂದ ಬರುವಂಥದ್ದು. ಸ್ಪಾಸ್ ಮೊಳಕೈವರೆಗೆ ಕೈ ಹಾಕಿ ಭರಣಿಯನ್ನು ತೆಗೆದ.

ಮುಚ್ಚಳ ತುಕ್ಕು ಹಿಡಿದಿತ್ತು. ಒಳಗೆ ತೇವಕ್ಕೆ ಸ್ತಾಮೆನ್ ಒಣ ಹುಲ್ಲು ತುರುಕಿದ್ದ. ಹುಲ್ಲಿನ ಮೇಲೆ ಕೆಂಪು ದಾರ ಸುರುಳಿ ಸುತ್ತಿಕೊಂಡಿತ್ತು, ಆಗತಾನೇ ಬಣ್ಣದ ಬಾನಿಯಿಂದ ಎತ್ತಿದಷ್ಟು ಕೆಂಪಾಗಿ. ಅದನ್ನು ಏನು ಮಾಡಬೇಕೆಂದು ನಮಗೆ ತಿಳಿಯಲಿಲ್ಲ. ಇಡುವ ಶಾಸ್ತ್ರ ಎಲ್ಲರೂ ಕೇಳಿದ್ದೆವು, ತೆಗೆಯುವ ಶಾಸ್ತ್ರ ಯಾರೂ ಕೇಳಿರಲಿಲ್ಲ. ಸುಡಬೇಕೋ, ಹೊಳೆಗೆ ಬಿಡಬೇಕೋ ಎಂದು ನಾವು ಮಾತಾಡುತ್ತಿರುವಾಗಲೇ ರೂಸ್ಕಾ ಕೈ ಚಾಚಿದಳು. "ಅವಳದನ್ನ ಅವಳಿಗೆ ಕೊಡ್ತೀನಿ," ಎಂದು ಮೆತೋದಿಯ ಕೈಯಿಂದ ದಾರ ತೆಗೆದುಕೊಂಡು, ಮಡಿಲಿಗೆ ಕಟ್ಟಿಕೊಂಡು ಹೊರಟುಹೋದಳು.

ಆಮೇಲೆ ನಡೆದದ್ದು ರೂಸ್ಕಾ ಹೇಳಿದ್ದು. ವೇಲಿಕಾ ದಾರವನ್ನು ಬೆರಳಿಗೆ ಸುತ್ತಿಕೊಂಡಳಂತೆ. ಯೌವನದ ಯಾವುದೋ ಒಂದು ನಗೆಯ ವಿಷಯ ನೆನಪಾದವಳಂತೆ ಮುಖ ಸಡಿಲವಾಯಿತಂತೆ. ಒಲೆಯ ಮೇಲಿಟ್ಟಿದ್ದ ಬೀನ್ಸ್ ಕಾಳಿನ ಸಾರು ಉಕ್ಕಿತೆಂದು ರೂಸ್ಕಾ ಹೋಗಿ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಜಮಖಾನೆಯನ್ನು ಕಿತ್ತು ತೆಗೆದು ನೋಡಿದೆ, ಮಲಗಿದವರ ನೆರಳು ಹೇಗಿರಬೇಕೋ ಹಾಗಿತ್ತು ಎಂದಳು. ಕಾಯಿಲೆ ಅಷ್ಟು ಉಲ್ಬಣಿಸಿದ ಮುದುಕಿ ಆ ದಿನವೇ ಹೋಗುವವಳಿದ್ದಿರಬಹುದು. ನಾನು ಅದನ್ನು ಅಲ್ಲಗಳೆಯಲಾರೆ.

ಸಾವಿನ ಚೀಟಿಯನ್ನು ಅಚ್ಚು ಹಾಕಿಸುವಾಗ, ಮೇಲೆ ನಕ್ಷತ್ರ ಇರಲಿ, ವಿಗ್ರಹದ ಚಿತ್ರವೂ ಇರಲಿ, ಖರ್ಚು ಶಾಖೆಯದು ಎಂದು ಮೆತೋದಿ ಹೇಳಿ ಕಳಿಸಿದರು. ರೂಸ್ಕಾ ಬೇಡ ಎಂದಳು. ಬಾಗಿಲಿಗೂ ಬೀದಿಯ ಪಾಪ್ಲರ್ ಮರಕ್ಕೂ ಅವಳು ಅಂಟಿಸಿದ ಚೀಟಿಯಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಒಬ್ಬಳು ಮುದುಕಿಯ ಚಿತ್ರವಿತ್ತು. ಕೈಗಳು ಮಡಿಲಲ್ಲಿದ್ದವು.

ಮಣ್ಣು ಮಾಡಿ, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿ ತಿಂದು, ನಾವು ನಾಲ್ವರೂ ನೇರವಾಗಿ ಕೊಠಡಿಗೆ ಬಂದೆವು. ಗೋಡೆ ಬಿದ್ದಿರುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಬಿದ್ದಿರಲಿಲ್ಲ. ಮೂಲೆಗಲ್ಲಿಲ್ಲದೆ, ಒಂದು ಬಿರುಕೂ ಇಲ್ಲದೆ ನಿಂತಿತ್ತು. ಸ್ಪಾಸ್ ತೊಲೆಗಳನ್ನು ತೆಗೆದ, ತೂಗುಗುಂಡು ಬಿಟ್ಟು ನೋಡಿದ. ಕೂದಲೆಳೆಯಷ್ಟೂ ವಾಲಿರಲಿಲ್ಲ. ಮೆತೋದಿಯ ಮ್ಲಾನವಾಗಿದ್ದ ಮುಖ ಸ್ವಲ್ಪ ಅರಳಿತು. ನೋಡಿದಿರಾ, ಗೋಡೆಯನ್ನು ನಿಲ್ಲಿಸಿದ್ದು ಸಿಮೆಂಟು, ಆಳವಾದ ಪಾಯ ಎಂದು ಹೇಳಲು ಶುರುಮಾಡಿದರು. ಅವರ ಮಾತು ಕೇಳಿ ನನಗೂ ಹಾಯೆನಿಸಿತು. ಅವರು ಹೇಳುತ್ತಿರುವಾಗಲೇ ಸ್ಪಾಸ್, ಆವತ್ತು ಸಂದಿನಲ್ಲೇ ಮರಳಿ ಇಟ್ಟಿದ್ದ ಭರಣಿಯನ್ನು ಕಸಕ್ಕೆ ಹಾಕಲೆಂದು ತೆಗೆದು ಹುಲ್ಲನ್ನು ಕೊಡವಿದ.

ಹುಲ್ಲಿನ ಅಡಿಯಲ್ಲಿ ಇನ್ನೊಂದು ದಾರವಿತ್ತು. ಬಣ್ಣವಿಲ್ಲದ್ದು, ಬೂದು, ಮೇಸ್ತ್ರಿಗಳು ಗೋಡೆಯ ನೇರ ನೋಡಲು ಕಟ್ಟುವ ಸಾಮಾನ್ಯ ಹುರಿ. ಎರಡು ತುದಿಗೂ ಅಳತೆಯ ಗಂಟು ಹಾಕಿತ್ತು.

ಸ್ತಾಮೆನ್‌ಗೆ ಕಲ್ಲಿನ ನೆರಳಿನ ಮೇಲೆ ನಂಬಿಕೆ ಇರಲಿಲ್ಲ ಎಂದು ಆಗ ಅರ್ಥವಾಯಿತು. ನಾವು ಮರದಡಿಯಲ್ಲಿ ರಾಕಿಯಾ ಕುಡಿಯುತ್ತ ನಗುತ್ತಿದ್ದಾಗ ಅವನು ತನ್ನ ಕೆಲಸವನ್ನು ಸರಿಯಾಗಿ ಮುಗಿಸಿದ್ದ. ಅವನ ಕಾಲದ ಮೇಸ್ತ್ರಿಗಳು ದಾರಿಯಲ್ಲಿ ಹೋಗುವವರ ನೆರಳನ್ನು ಅವರಿಗೆ ತಿಳಿಯದಂತೆ ಅಳೆಯುತ್ತಿದ್ದರು ಎಂದು ದೋನಾ ಹೇಳಿದಳು. ಯಾರೂ ಕೇಳದೆ ಅವಳಾಗಿಯೇ ಹೇಳಿದ ಮಾತು ಅದೊಂದೇ. ನಮ್ಮ ಪಕ್ಕದಲ್ಲೇ ಕಾಲುದಾರಿ ಇದೆ, ಹೊಳೆಗೆ ಬಟ್ಟೆ ಒಗೆಯಲು ಹೋಗುವವರು, ಮೇಕೆ ಅಟ್ಟಿಕೊಂಡು ಬರುವವರು, ಶಾಲೆ ಬಿಟ್ಟ ಮಕ್ಕಳು ಅದರಲ್ಲೇ ಓಡಾಡುತ್ತಾರೆ.

"ತೆಗೀಬೇಕು ಅನ್ನೋರು ಕೈ ಎತ್ತಿ," ಎಂದರು ಮೆತೋದಿ ಕೊನೆಗೆ.

ಯಾರೂ ಎತ್ತಲಿಲ್ಲ. ಬೇಡ ಎನ್ನುವವರು ಎಂದು ಅವರು ಕೇಳಲೇ ಇಲ್ಲ. ಸ್ಪಾಸ್ ಹುರಿಯನ್ನು ಭರಣಿಗೆ ಹಾಕಿ, ಹುಲ್ಲು ತುಂಬಿ, ಇದ್ದ ಜಾಗದಲ್ಲೇ ಇಟ್ಟು ಕಲ್ಲನ್ನು ತಳ್ಳಿದ. ನಾನು ಗಾರೆ ಕಲಸಿಕೊಟ್ಟೆ. ಈಗಲೂ ನಮ್ಮ ಸಭೆ ಅಲ್ಲೇ ನಡೆಯುತ್ತದೆ. ಮೆತೋದಿ ಎಣಿಸುವಾಗ ಒಂದು ಹೆಚ್ಚು ಬರುತ್ತಿಲ್ಲ. ಹಾಗಾಗಿ ಆ ಇನ್ನೊಬ್ಬರು, ಯಾರೇ ಆಗಿರಲಿ, ಮತ ಹಾಕುವವರಲ್ಲ ಎಂದು ತೋರುತ್ತದೆ.

ಕೊಠಡಿ ಎದ್ದ ಆ ಬೇಸಿಗೆ ಊರಿನಲ್ಲಿ ನಲವತ್ತು ದಿನದೊಳಗೆ ಯಾರು ಯಾರು ತೀರಿಕೊಂಡರು ಎಂದು ನಾನು ಹಳಬರನ್ನು ಕೇಳಿ ನೋಡಿದೆ. ಕೆಲವರು ಒಂದು ಹೆಸರು ಹೇಳಿದರು, ಕೆಲವರು ಇನ್ನೊಂದು, ಅದು ಆ ವರ್ಷವಲ್ಲ ಎಂದು ಮತ್ತೊಬ್ಬರು. ಸ್ಮಶಾನಕ್ಕೆ ಹೋಗಿ ಕಲ್ಲುಗಳನ್ನು ಓದಲು ನನಗೆ ಮನಸ್ಸಾಗಲಿಲ್ಲ. ವೇಲಿಕಾಳಿಗೆ ದಾರದ ವಿಷಯ ಯಾರು ಹೇಳಿದರು, ಸ್ತಾಮೆನ್ ಸಾಯುವ ಮುಂಚೆ ಹೇಳಿದನೇ, ಯಾರೂ ಹೇಳದೆಯೇ ಅವಳಿಗೆ ತಿಳಿಯಿತೇ ಎಂಬುದೂ ತಿಳಿಯದು. ಹುರಿಯ ಅಳತೆ ಗಿಡ್ಡವಾಗಿತ್ತು. ನಡುಮಧ್ಯಾಹ್ನ ಅಳೆದದ್ದಾದರೆ ಬೆಳೆದವರದೂ ಅಷ್ಟೇ ಇರುತ್ತದೆ. ಬೇರೆ ಹೊತ್ತಿನಲ್ಲಿ ಅಳೆದದ್ದಾದರೆ ಅದು ಮಗುವಿನದು. ಸ್ತಾಮೆನ್ ಯಾವ ಹೊತ್ತಿನಲ್ಲಿ ಅಳೆದ ಎಂದು ನಾವು ನೋಡಲಿಲ್ಲ. ಅದು ಯಾರದು ಎಂದು ನನಗೆ ಗೊತ್ತಿಲ್ಲ.